ನರ್ಸ್ ಪ್ರಾಕ್ಟಿಷನರ್ ಮತ್ತು ನರ್ಸಿಂಗ್ ಶಿಕ್ಷಣದ ನಾಯಕತ್ವ: ಭಾರತದಲ್ಲಿ ಸಿದ್ಧತೆಯ ಪ್ರಶ್ನೆ

ಕಳೆದ ದಶಕದ ಉತ್ತರಾರ್ಧದಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ತೀವ್ರ ನಿಗಾ ಆರೈಕೆಯಲ್ಲಿ ಉನ್ನತ ತರಬೇತಿ ಪಡೆದು ಹೆಚ್ಚಿನ ಹೊಣೆ ಹೊರುವ ನರ್ಸ್ ಪ್ರಾಕ್ಟಿಷನರ್‌ಗಳಿಗಾಗಿ ಎರಡು ವರ್ಷಗಳ ಸ್ನಾತಕೋತ್ತರ ರೆಸಿಡೆನ್ಸಿ ಕೋರ್ಸನ್ನು ಜಾರಿಗೆ ತಂದಿತು. 2018ರಲ್ಲಿ ಕೇಂದ್ರ ಸರ್ಕಾರದ ಮಿಡ್‌ವೈಫರಿ ಮಾರ್ಗಸೂಚಿ ಹೊರಬಂದು, ಹೆರಿಗೆ ಆರೈಕೆಗೂ 18 ತಿಂಗಳ ತರಬೇತಿ ಪಡೆದ ನರ್ಸ್ ಪ್ರಾಕ್ಟಿಷನರ್‌ಗಳ ಯೋಜನೆ ರೂಪುಗೊಂಡಿತು. ಇವರ ಬಗ್ಗೆ ನಡೆಯುವ ಚರ್ಚೆ ಹೆಚ್ಚಾಗಿ ಔಷಧ ಬರೆಯುವ ಅಧಿಕಾರ, ಹುದ್ದೆ, ವೇತನಗಳ ಸುತ್ತಲೇ ಇದೆ. ಇವರನ್ನು ರೂಪಿಸುವ ಕಾಲೇಜುಗಳನ್ನು ನಾಳೆ ಮುನ್ನಡೆಸುವವರು ಯಾರು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು. ಆರೈಕೆಯಲ್ಲಿ ಪಡೆದ ಪರಿಣತಿ ತಾನಾಗಿಯೇ ಶೈಕ್ಷಣಿಕ ನಾಯಕತ್ವವಾಗುವುದಿಲ್ಲ, ಅದಕ್ಕೆ ಪ್ರತ್ಯೇಕ ಸಿದ್ಧತೆ ಬೇಕು. ಆದರೆ ಆ ಸಿದ್ಧತೆ ನರ್ಸನ್ನು ರೋಗಿಯಿಂದ ದೂರ ಮಾಡಬಾರದು ಎಂಬುದು ಈ ಲೇಖನದ ವಾದ.

ಈಗಿರುವ ಬಡ್ತಿಯ ಏಣಿಯನ್ನು ಮೊದಲು ನೋಡಬೇಕು. ಪರಿಷತ್ತಿನ ನಿಯಮಾವಳಿಯ ಪ್ರಕಾರ ಪದವಿ ಕಾಲೇಜಿನ ಪ್ರಾಂಶುಪಾಲರಾಗಲು ಎಂ.ಎಸ್ಸಿ. ನರ್ಸಿಂಗ್ ಜೊತೆಗೆ 15 ವರ್ಷಗಳ ಅನುಭವ ಬೇಕು. ಅದರಲ್ಲಿ 12 ವರ್ಷ ಬೋಧನೆಯದಾಗಿರಬೇಕು. ಬೋಧನಾನುಭವವನ್ನು ಕೇಳುವುದು ತಪ್ಪಲ್ಲ. ಆದರೆ ವೆಂಟಿಲೇಟರ್ ಮೇಲಿರುವ ರೋಗಿಗಳನ್ನು ಹತ್ತಾರು ವರ್ಷ ನೋಡಿಕೊಂಡು, ಪ್ರತಿ ಪಾಳಿಯಲ್ಲೂ ಕಿರಿಯರನ್ನು ತಿದ್ದಿ ಬೆಳೆಸಿದವರಿಗೆ ಈ ಲೆಕ್ಕದಲ್ಲಿ ಸ್ಥಾನವಿಲ್ಲ. ಹಾಗಾಗಿ ಕಾಲೇಜು ಮತ್ತು ಆಸ್ಪತ್ರೆ ಎರಡು ಬೇರೆ ಲೋಕಗಳಾಗಿವೆ. ಕ್ಲಿನಿಕಲ್ ಪೋಸ್ಟಿಂಗ್‌ಗೆ ವಿದ್ಯಾರ್ಥಿಗಳನ್ನು ಕರೆತರುವ ಬೋಧಕರಿಗೆ ಆ ವಾರ್ಡಿನ ರೋಗಿಗಳ ಹೊಣೆಯಿಲ್ಲ. ಹೊಣೆ ಹೊತ್ತ ವಾರ್ಡಿನ ನರ್ಸಿಗೆ ಬೋಧನೆಯಲ್ಲಿ ಅಧಿಕೃತ ಪಾತ್ರವಿಲ್ಲ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಒಂದಾದ ಕರ್ನಾಟಕದಲ್ಲಿ ಈ ಅಂತರದ ಪರಿಣಾಮ ದೊಡ್ಡದು. ಹಲವು ಕಾಲೇಜುಗಳ ವಿದ್ಯಾರ್ಥಿಗಳು ಒಂದೇ ಆಸ್ಪತ್ರೆಯಲ್ಲಿ ಕಲಿಯಬೇಕಾದಾಗ, ಅಲ್ಲಿ ಕಲಿಸುವ ಹೊಣೆ ಯಾರದೆಂದು ಸ್ಪಷ್ಟವಾಗಿರದಿದ್ದರೆ ಕಲಿಕೆ ಹಾಜರಿ ಪುಸ್ತಕದಲ್ಲೇ ಉಳಿಯುತ್ತದೆ.

ಹಾಗೆಂದು ನುರಿತ ನರ್ಸ್ ಪ್ರಾಕ್ಟಿಷನರನ್ನು ನೇರವಾಗಿ ವಿಭಾಗ ಮುಖ್ಯಸ್ಥರ ಹುದ್ದೆಯಲ್ಲಿ ಕೂರಿಸಿದರೆ ಸಮಸ್ಯೆ ಬಗೆಹರಿಯುವುದಿಲ್ಲ. ನರ್ಸಿಂಗ್ ಚಿಂತಕಿ ಪೆಟ್ರೀಷಿಯಾ ಬೆನ್ನರ್ 1984ರ ತಮ್ಮ ಅಧ್ಯಯನದಲ್ಲಿ ತೋರಿಸಿದಂತೆ, ಪರಿಣತ ನರ್ಸ್ ನಿಯಮಗಳನ್ನು ಒಂದೊಂದಾಗಿ ನೆನೆದು ನಡೆಯುವುದಿಲ್ಲ. ಸನ್ನಿವೇಶವನ್ನು ಇಡಿಯಾಗಿ ಗ್ರಹಿಸುತ್ತಾರೆ. ಈ ಬಲವೇ ಬೋಧನೆಯಲ್ಲಿ ತೊಡಕಾಗಬಹುದು, ಏಕೆಂದರೆ ತನಗೆ ಸಹಜವಾಗಿ ಕಾಣುವುದನ್ನು ಹೊಸಬರಿಗೆ ಬಿಡಿಸಿ ಹೇಳುವುದು ಬೇರೆಯೇ ವಿದ್ಯೆ. ಅಮೆರಿಕದ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ 2004ರಲ್ಲಿ ನರ್ಸ್ ಪ್ರಾಕ್ಟಿಷನರ್ ಸೇರಿದಂತೆ ಉನ್ನತ ಹಂತದ ನರ್ಸ್‌ಗಳಿಗೆ ಡಿ.ಎನ್.ಪಿ. ಎಂಬ ವೃತ್ತಿಪರ ಡಾಕ್ಟರೇಟನ್ನು ಶಿಫಾರಸು ಮಾಡಿತು. ಬೋಧನೆಗೆ ಹೋಗುವವರು ಶಿಕ್ಷಣಶಾಸ್ತ್ರದಲ್ಲಿ ಹೆಚ್ಚುವರಿ ಸಿದ್ಧತೆ ಪಡೆಯಬೇಕೆಂದು 2006ರಲ್ಲಿ ಅದೇ ಸಂಘ ಹೇಳಬೇಕಾಯಿತು. ನಮ್ಮ ತೀವ್ರ ನಿಗಾ ಕೋರ್ಸಿನಲ್ಲಿ ಸುಮಾರು ಶೇ. 80 ಭಾಗ ಕ್ಲಿನಿಕಲ್ ಕಲಿಕೆ. ನಾಯಕತ್ವ, ಆಡಳಿತ, ಬೋಧನೆ ಮೂರೂ ಒಂದೇ ಪತ್ರಿಕೆಯಲ್ಲಿ ಅಡಕವಾಗಿವೆ. ಎಂ.ಎಸ್ಸಿ.ಯಲ್ಲಾದರೋ ನರ್ಸಿಂಗ್ ಶಿಕ್ಷಣ ಸ್ವತಂತ್ರ ವಿಷಯ. ಆರೈಕೆಗೆ ಸಿದ್ಧಗೊಳಿಸುವ ಕೋರ್ಸಿನ ಸ್ವರೂಪ ಹೀಗಿರುವುದು ಸರಿಯೇ. ಕೊರತೆಯಿರುವುದು ಅದರ ನಂತರದ ಹಂತದಲ್ಲಿ.

ಆ ಹಂತಕ್ಕೆ ಮಾದರಿ ನಮ್ಮಲ್ಲೇ ಇದೆ. ಮಿಡ್‌ವೈಫರಿ ಯೋಜನೆಯು ಬೋಧಕರನ್ನು ಪ್ರತ್ಯೇಕವಾಗಿ ತರಬೇತುಗೊಳಿಸಿ, ಅವರ ಕೈಯಲ್ಲಿ ನರ್ಸ್ ಪ್ರಾಕ್ಟಿಷನರ್‌ಗಳನ್ನು ರೂಪಿಸುವ ಕ್ರಮವನ್ನು ಅನುಸರಿಸಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನರ್ಸಿಂಗ್ ಬೋಧನೆ ಮತ್ತು ಆಸ್ಪತ್ರೆಯ ಸೇವೆಯನ್ನು ಒಂದುಗೂಡಿಸುವ ಪರಂಪರೆ ಬಹುಕಾಲದಿಂದ ಇದೆ. ಈ ಎರಡನ್ನೂ ಸೇರಿಸಿ ನೋಡಿದರೆ ಬೇಕಾದ ಸಿದ್ಧತೆ ಸ್ಪಷ್ಟವಾಗುತ್ತದೆ: ರೋಗಿಯ ಪಕ್ಕದಲ್ಲಿ ಕಲಿಸಿ ಕೌಶಲವನ್ನು ಅಳೆಯುವ ಶಿಕ್ಷಣಶಾಸ್ತ್ರ, ಪಠ್ಯಕ್ರಮ ರೂಪಿಸುವ ಹಾಗೂ ಅದರ ಫಲವನ್ನು ಸಂಶೋಧಿಸುವ ಶಕ್ತಿ, ಆಯವ್ಯಯ, ಮಾನ್ಯತೆ, ನೇಮಕಾತಿಗಳನ್ನು ನಿಭಾಯಿಸುವ ಆಡಳಿತ ಜ್ಞಾನ. ಮೂರನ್ನೂ ಅನುಭವಿ ಮಾರ್ಗದರ್ಶಕರ ಕೆಳಗೆ, ಆಸ್ಪತ್ರೆಯ ಕೆಲಸ ಬಿಡದೆಯೇ ಕಲಿಯುವಂತಿರಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ನರ್ಸ್‌ಗಳ ಅಭಾವದ್ದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿ ಜಗತ್ತಿನಲ್ಲಿ 59 ಲಕ್ಷ ನರ್ಸ್‌ಗಳ ಕೊರತೆಯಿದೆ ಎಂದಿತ್ತು. ಹೀಗಿರುವಾಗ ನುರಿತವರನ್ನು ತರಗತಿಗೆ ಎಳೆಯಬಹುದೇ? ಪೂರ್ಣಾವಧಿಗೆ ಎಳೆದರೆ ಅದು ತಪ್ಪೇ. ಆದ್ದರಿಂದಲೇ ಕಾಲೇಜು ಮತ್ತು ಆಸ್ಪತ್ರೆಯ ಜಂಟಿ ಹುದ್ದೆ ಬೇಕು. ಜಂಟಿ ಹುದ್ದೆಯೆಂದರೆ ಒಬ್ಬರ ತಲೆಗೆ ಇಬ್ಬರ ಕೆಲಸ ಎಂಬ ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಎರಡೂ ಕಡೆಯ ಗಂಟೆಗಳನ್ನು ಆದೇಶದಲ್ಲೇ ನಿಗದಿಪಡಿಸದೆ, ವಾರ್ಡಿನಲ್ಲಿ ಉಳಿಯುವ ಕೆಲಸಕ್ಕೆ ಬದಲಿ ಸಿಬ್ಬಂದಿ ಕೊಡದೆ ಈ ವ್ಯವಸ್ಥೆ ತಂದರೆ ಅದು ಶೋಷಣೆಯಾಗುತ್ತದೆ; ಆ ಷರತ್ತುಗಳಿಲ್ಲದಿದ್ದರೆ ತರದಿರುವುದೇ ಲೇಸು. ಎಂ.ಎಸ್ಸಿ., ಪಿಎಚ್.ಡಿ. ದಾರಿ ಇದ್ದೇ ಇದೆಯಲ್ಲ ಎಂಬುದು ಮೂರನೆಯದು. ಆ ದಾರಿ ಉಳಿಯಬೇಕು. ಸಂಶೋಧನೆಯಲ್ಲಿ ಪಳಗಿದವರೂ ಇಂದಿನ ಆರೈಕೆಯಲ್ಲಿ ಪಳಗಿದವರೂ ಒಂದೇ ಮೇಜಿನ ಸುತ್ತ ಕುಳಿತು ಪಠ್ಯಕ್ರಮ ನಿರ್ಧರಿಸಿದಾಗಲೇ ಶಿಕ್ಷಣ ಗಟ್ಟಿಯಾಗುತ್ತದೆ.

ಈ ಬದಲಾವಣೆಗೆ ಈಗ ಅವಕಾಶವಿದೆ. 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗದಲ್ಲಿ 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ ಬಂದಿದೆ. ಹೊಸ ವ್ಯವಸ್ಥೆ ಬೋಧಕರ ಅರ್ಹತೆಯನ್ನು ನಿಗದಿಪಡಿಸುವಾಗ, ದಾಖಲೆಯಿರುವ ಕ್ಲಿನಿಕಲ್ ಬೋಧನೆಯನ್ನು ಬೋಧನಾನುಭವವೆಂದು ಎಣಿಸಬೇಕು; ನರ್ಸ್ ಪ್ರಾಕ್ಟಿಷನರ್‌ಗಳಿಗೆ ಶಿಕ್ಷಣಶಾಸ್ತ್ರದ ಮಾನ್ಯ ಕೋರ್ಸ್ ರೂಪಿಸಬೇಕು; ಸರ್ಕಾರಿ ಕಾಲೇಜುಗಳಲ್ಲಿ ಜಂಟಿ ಹುದ್ದೆಗಳನ್ನು ಮೊದಲು ಸೃಷ್ಟಿಸಬೇಕು. ಕಲಿಸುವವರಿಗೆ ರೋಗಿಯ ಹೊಣೆಯೂ, ರೋಗಿಯ ಹೊಣೆ ಹೊತ್ತವರಿಗೆ ಕಲಿಸುವ ಅಧಿಕಾರವೂ ದೊರೆಯದಿದ್ದರೆ ಪಠ್ಯಕ್ರಮವನ್ನು ಎಷ್ಟು ಬಾರಿ ಪರಿಷ್ಕರಿಸಿದರೂ ವಾರ್ಡಿನ ಆರೈಕೆ ಸುಧಾರಿಸದು.