ನಮ್ಮ ಮಕ್ಕಳ ಬಾಯಿ ನೋಡಿದವರ ಚರಿತ್ರೆ

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಸರ್ಕಾರಿ ಶಾಲೆಗೆ ಆರೋಗ್ಯ ತಪಾಸಣೆ ಗಾಡಿ ಬರುತ್ತಲ್ಲ, ಮಕ್ಕಳ ತೂಕ, ಎತ್ತರ, ಕಣ್ಣು ನೋಡಿ, ಕೊನೆಗೆ 'ಆ ಅನ್ನು' ಅಂತ ಬಾಯಿಗೆ ಟಾರ್ಚ್ ಬಿಡ್ತಾರೆ. ಇದರಲ್ಲಿ ಚರಿತ್ರೆ ಏನು ಬಂತು ಅಂತೀರಾ? ನಮ್ಮ ಮಗುವಿನ ಬಾಯೊಳಗೆ ವೈದ್ಯರು ಇಣುಕೋದು ಸಲೀಸಾಗಿ ಬಂದದ್ದಲ್ಲ ಕಣ್ರೀ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಒಂದು ಘಟನೆ ಹೇಳ್ತಾರೆ. 1929ರಲ್ಲಿ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾದ ಪತ್ರ ಅದು. ಬರೆದವರು ಕಾಠಿಯಾವಾಡದ ಒಬ್ಬ ದಲಿತ ಮೇಷ್ಟ್ರು. ಹೆರಿಗೆಯಾದ ಹೆಂಡತಿಗೆ ಕಾಯಿಲೆ ಜೋರಾಯ್ತು. ಡಾಕ್ಟರು ಕೇರಿಯೊಳಗೆ ಬರಲಿಲ್ಲ. ಹಸಿ ಬಾಣಂತಿಯನ್ನೇ ಹೊರಗೆ ಕರ್ಕೊಂಡು ಬರಬೇಕಾಯ್ತು. ಆಗಲೂ ಆತ ಮುಟ್ಟಲಿಲ್ಲ. ಥರ್ಮಾಮೀಟರನ್ನ ಒಬ್ಬ ಮುಸ್ಲಿಮರ ಕೈಗೆ ಕೊಟ್ಟ, ಅವರು ಗಂಡನಿಗೆ ಕೊಟ್ಟರು, ಗಂಡ ಹೆಂಡತಿಗೆ ಕೊಟ್ಟ. ಅದೇ ದಾರೀಲಿ ವಾಪಸ್ಸು. ಫೀಸು ಮಾತ್ರ ಎರಡು ರೂಪಾಯಿ ತಗೊಂಡಿದ್ದ. ಆ ತಾಯಿ ಉಳೀಲಿಲ್ಲ.

ಅದು ಗುಜರಾತಿನ ಮಾತು ಅಂತ ನಾವು ಎದೆ ತಟ್ಟಿಕೊಳ್ಳೋ ಹಂಗಿಲ್ಲ. ನಮ್ಮ ಮೈಸೂರು ಸಂಸ್ಥಾನದಲ್ಲೂ ಸರ್ಕಾರಿ ಶಾಲೆಯ ಬಾಗಿಲು ನಮ್ಮ ಮಕ್ಕಳಿಗೆ ತೆಗೆಯೋಕೆ 1915ರಲ್ಲಿ ಸರ್ಕಾರವೇ ಆದೇಶ ಹೊರಡಿಸಬೇಕಾಯ್ತು. ಆಗ ಮಂಡ್ಯ ಇನ್ನೂ ಮೈಸೂರು ಜಿಲ್ಲೆಯೊಳಗಿತ್ತು, ಬೇರೆ ಜಿಲ್ಲೆಯಾದದ್ದು 1939ರಲ್ಲಿ. ಶಾಲೆಯೊಳಗೇ ಸೇರಿಸದ ಕಾಲದಲ್ಲಿ ಹಲ್ಲಿನ ಮಾತೆಲ್ಲಿ?

ಹೊರಗಡೆ ಆಗ ಏನು ನಡೀತಿತ್ತು? ನ್ಯೂಜಿಲೆಂಡಿನಲ್ಲಿ 1921ರಲ್ಲೇ ಶಾಲಾ ದಂತ ಸೇವೆ ಶುರುವಾಯ್ತು. ಮೊದಲ ಮಹಾಯುದ್ಧಕ್ಕೆ ಸೇರೋಕೆ ಬಂದ ಹುಡುಗರ ಹಲ್ಲು ನೋಡಿ ಸರ್ಕಾರಕ್ಕೆ ಗಾಬರಿಯಾಗಿತ್ತು. ಅವರು ಎಲ್ಲದಕ್ಕೂ ದಂತವೈದ್ಯರೇ ಬೇಕು ಅಂತ ಕಾಯಲಿಲ್ಲ. ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ದಂತ ನರ್ಸು ಅಂತ ಹೆಸರಿಟ್ಟು ಶಾಲೆಗೇ ಕಳಿಸಿದರು.

ನಮಗೆ ಗಾಡಿ ಬಂದದ್ದು 2013ರಲ್ಲಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ. ಶಾಲೆಗೆ ವರ್ಷಕ್ಕೊಂದು ಸಲ, ಅಂಗನವಾಡಿಗೆ ಎರಡು ಸಲ. ಹುಳುಕು ಹಲ್ಲು ಅದರ ಪಟ್ಟಿಯಲ್ಲೇ ಇದೆ. ಒಳ್ಳೇ ಕೆಲಸ, ಇಲ್ಲ ಅನ್ನಲ್ಲ. ಆದರೆ ಮಾರ್ಗಸೂಚಿ ತೆಗೆದು ನೋಡಿ: ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸಮ್ಮ, ಒಬ್ಬ ಫಾರ್ಮಸಿಸ್ಟ್. ಹಲ್ಲಿನ ಡಾಕ್ಟರು ಇಲ್ಲ. ಹುಳುಕು ಕಂಡರೆ ಚೀಟಿ ಬರೀತಾರೆ, ಆಸ್ಪತ್ರೆಗೆ ಹೋಗು ಅಂತ.

ಆ ಚೀಟಿ ಎಲ್ಲಿಗೆ ಹೋಗುತ್ತೆ ಗೊತ್ತಾ? ಸೂರಿಗೆ ಸಿಗಿಸಿಟ್ಟಿದ್ದನ್ನ ನಾನೇ ಕೇರಿಗಳಲ್ಲಿ ನೋಡಿದ್ದೀನಿ. ಕಬ್ಬು ಕಡಿಯೋಕೆ ಹೋಗೋ ತಾಯಿ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ, 'ನಾಳೆ ಬಾ' ಅನ್ನಿಸಿಕೊಂಡು ಬರಬೇಕು. ಮಗು ನೋವು ಅಂತ ಅಳೋವರೆಗೂ ಆಕೆ ಹೋಗಲ್ಲ. ಹೋಗೋ ಹೊತ್ತಿಗೆ ಹಲ್ಲು ಕೀಳೋದೊಂದೇ ದಾರಿ. (ಸಕ್ಕರೆ ನಾಡು ಅಂತ ಹೆಮ್ಮೆ ಪಡ್ತೀವಿ. ಕಬ್ಬು ಕಡಿಯೋರ ಮಗುಗೆ ಅದೇ ಸಕ್ಕರೆ ಐದು ರೂಪಾಯಿ ಬಿಸ್ಕತ್ತಾಗಿ ವಾಪಸ್ಸು ಬರುತ್ತೆ.)

ಇಲ್ಲೊಂದು ವಿಷಯ ತಿಳ್ಕೋಬೇಕು. ಆರು ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಒಂದು ದವಡೆಹಲ್ಲು ಬರುತ್ತೆ. ಅದು ಬರೋಕೆ ಯಾವ ಹಲ್ಲೂ ಬೀಳಲ್ಲ, ಅದಕ್ಕೇ ತಂದೆತಾಯಿ ಇದೂ ಹಾಲುಹಲ್ಲೇ, ಬಿದ್ದುಹೋಗುತ್ತೆ ಅಂತ ಸುಮ್ಮನಾಗ್ತಾರೆ. ಅದು ಜೀವಮಾನದ ಹಲ್ಲು. ಅಂದ್ರೆ ಒಂದನೇ ಕ್ಲಾಸಿಗೆ ಸೇರೋ ವಯಸ್ಸೇ ಅದನ್ನ ಕಾಪಾಡೋ ವಯಸ್ಸು.

ಅದಕ್ಕೆ ದೊಡ್ಡ ಕುರ್ಚಿ ಬೇಡ, ಕರೆಂಟೂ ಬೇಡ. ಫ್ಲೋರೈಡ್ ವಾರ್ನಿಷ್ ಅನ್ನೋದನ್ನ ಪುಟ್ಟ ಬ್ರಷ್ಷಿನಲ್ಲಿ ವರ್ಷಕ್ಕೆರಡು ಸಲ ಬಳಿದರೆ ಹುಳುಕು ಕಮ್ಮಿಯಾಗುತ್ತೆ. ಕೊರೆಯೋ ಮೆಷಿನ್ನಿಲ್ಲದೆ ಕೈಯಲ್ಲೇ ಹುಳುಕು ಕೆರೆದು ತುಂಬೋ ವಿಧಾನ 1980ರ ದಶಕದಲ್ಲಿ ತಾಂಜಾನಿಯಾದಲ್ಲೇ ಬೆಳೆದದ್ದು. ಶುರುವಾದ ಹುಳುಕನ್ನ ಅಲ್ಲೇ ನಿಲ್ಲಿಸೋ ಸಿಲ್ವರ್ ಡೈಅಮೈನ್ ಫ್ಲೋರೈಡನ್ನ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಹಚ್ಚಿದ ಕಡೆ ಕಪ್ಪಾಗುತ್ತೆ, ಅದನ್ನ ತಾಯಂದಿರಿಗೆ ಮೊದಲೇ ಹೇಳಬೇಕು.

ಜನ ಎಲ್ಲಿದಾರೆ ಅಂತ ಅಧಿಕಾರಿಗಳು ಕೇಳ್ತಾರೆ. 1948ರ ದಂತವೈದ್ಯರ ಕಾಯ್ದೆಯಲ್ಲೇ ಡೆಂಟಲ್ ಹೈಜೀನಿಸ್ಟ್ ಅನ್ನೋ ಹುದ್ದೆಯ ಹೆಸರು ಬಂದಿತ್ತು. ಆ ಗಾಡಿಯಲ್ಲಿ ಅವರಿಗೊಂದು ಸೀಟು ಕೊಡೋಕೆ ಹೊಸ ಕಾನೂನೇನೂ ಬೇಡ.

ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗೋರು ಎರಡೇ ಪ್ರಶ್ನೆ ಕೇಳಿ: ಹೋದ ವರ್ಷ ನಮ್ಮ ಶಾಲೇಲಿ ಹಲ್ಲಿಗೆ ಅಂತ ಎಷ್ಟು ಚೀಟಿ ಬರೆದರು? ಅದರಲ್ಲಿ ಎಷ್ಟು ಮಕ್ಕಳಿಗೆ ಚಿಕಿತ್ಸೆ ಆಯ್ತು? ಉತ್ತರ ಸಿಗದಿದ್ರೆ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಬರೆಯೋಕೆ ಬೇಕಿದ್ರೆ ಇನ್‌ಬಾಕ್ಸಿಗೆ ಬನ್ನಿ, ಮಾದರಿ ಅರ್ಜಿ ಕಳಿಸ್ತೀನಿ.