ಪಟ್ಟಣದ ಬಾಣ ಹಡಗು ಹತ್ತಿದ ಕಥೆ

ಶ್ರೀರಂಗಪಟ್ಟಣ ರೈಲು ನಿಲ್ದಾಣದ ಹತ್ತಿರ ಟಿಪ್ಪು ಕಾಲದ ಮದ್ದಿನಮನೆಯೊಂದಿದೆ. ಜೋಡಿ ಹಳಿಗೆ ಅಡ್ಡ ಬಂತೆಂದು 2017ರಲ್ಲಿ ಅದನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ಆಚೆಗೆ ಸರಿಸಿದರು. ಕಟ್ಟಡ ಜರುಗಿದ್ದನ್ನು ನಾವೆಲ್ಲ ಬರೆದೆವು. ಪಟ್ಟಣದ ಮದ್ದಿನ ವಿದ್ಯೆ ಎಷ್ಟು ದೂರ ಹೋಯಿತು ಎಂಬುದನ್ನು ಬರೆಯಲಿಲ್ಲ.

ನಮ್ಮ ಜಾತ್ರೆಗಳ ಬಾಣಬಿರುಸಿಗೆ ಅಣ್ಣನಂಥದ್ದು ಹೈದರ್, ಟಿಪ್ಪುವಿನ ರಾಕೆಟ್. ಯುರೋಪಿನಲ್ಲಿ ಆಗ ರಾಕೆಟ್ ಎಂದರೆ ರಟ್ಟಿನ ಕೊಳವೆ. ಮದ್ದು ಜೋರಾಗಿ ಉರಿದರೆ ರಟ್ಟು ಒಡೆಯುತ್ತಿತ್ತು. ಮೈಸೂರಿನವರು ಕಬ್ಬಿಣದ ಕೊಳವೆ ಮಾಡಿದರು. ಅದು ಒತ್ತಡ ತಡೆಯಿತು, ಬಾಣ ಸುಮಾರು ಒಂದು ಕಿಲೋಮೀಟರ್ ಹಾರಿತು. ದಿಕ್ಕು ತಪ್ಪದಿರಲು ಬಿದಿರಿನ ಗಳ, ಕೆಲವಕ್ಕೆ ಕತ್ತಿಯನ್ನೇ ಕಟ್ಟುತ್ತಿದ್ದರು. ಪಕ್ಕದ ಹಿರೋಡೆಯಲ್ಲಿ ಬೀಡುಬಿಟ್ಟಿದ್ದ ಫ್ರೆಂಚರೇ ಇದನ್ನು ಕಲಿಸಿದರು ಎನ್ನುವವರಿದ್ದಾರೆ. ಇಂದಿನ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದದ್ದು ಅವರಿಂದಲೇ, ನಿಜ. ಆದರೆ ತಮ್ಮ ಸೈನ್ಯದಲ್ಲೇ ಇಲ್ಲದ ಕಬ್ಬಿಣದ ಬಾಣವನ್ನು ಅವರು ಹೇಗೆ ಕಲಿಸಿಯಾರು?

1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆ ತೋಪಿನಲ್ಲಿ ಬಾಣ, ಬಂದೂಕುಗಳ ಸುರಿಮಳೆಗೆ ಸಿಕ್ಕಿ ದಿಕ್ಕುಗೆಟ್ಟು ಹಿಂದೆ ಸರಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಮೇ 4ಕ್ಕೆ ಕೋಟೆ ಬಿತ್ತು. ಬಾಣಗಳು ಲಂಡನ್ನಿನ ವುಲ್ವಿಚ್ ಸೇರಿದವು.

ಅಲ್ಲಿ ವಿಲಿಯಂ ಕಾಂಗ್ರೀವ್ ಅದನ್ನು ದೊಡ್ಡದು ಮಾಡಿದ. ಮೊದಲು ಕೈಗೆತ್ತಿಕೊಂಡದ್ದು ನೌಕಾಪಡೆ. ಕಾರಣ ಸರಳ. ಫಿರಂಗಿ ಹಾರಿಸಿದರೆ ಹಿಂದಕ್ಕೆ ಒದೆಯುತ್ತದೆ, ಅದಕ್ಕೆ ದೊಡ್ಡ ಹಡಗೇ ಬೇಕು. ರಾಕೆಟ್ ಒದೆಯುವುದಿಲ್ಲ, ಸಣ್ಣ ದೋಣಿಯಿಂದಲೂ ಬಿಡಬಹುದು. 1806ರ ಅಕ್ಟೋಬರಿನಲ್ಲಿ ಬೂಲೋನ್ ಬಂದರಿನ ಮೇಲೆ ದೋಣಿಗಳಿಂದಲೇ ಬಿಟ್ಟರು. ಗುರಿ ಹಡಗುಗಳಾದರೂ ಸುಟ್ಟದ್ದು ಊರಿನ ಮನೆಗಳು. ಮರುವರ್ಷ ಕೋಪನ್‌ಹೇಗನ್. 1814ರಲ್ಲಿ ಎರೆಬಸ್ ಎಂಬ ಹಡಗು ಬಾಲ್ಟಿಮೋರಿನ ಕೋಟೆಗೆ ರಾಕೆಟ್ ಸುರಿಸಿತು. ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್ ಬೆಳಕು ಆ ರಾತ್ರಿಯದ್ದೇ.

ನೂರು ವರ್ಷದ ಮೇಲೆ ಗುರಿ ಆಕಾಶಕ್ಕೆ ಹೋಯಿತು. ಜರ್ಮನ್ ನೌಕಾಪಡೆ ಜೆಪ್ಪೆಲಿನ್ ವಾಯುನೌಕೆಗಳಿಂದ ಸಮುದ್ರ ಕಾಯುತ್ತಿತ್ತು, ಇಂಗ್ಲೆಂಡಿನ ಮೇಲೆ ಬಾಂಬ್ ಹಾಕುತ್ತಿತ್ತು. ಹಗುರ ಲೋಹದ ಹಂದರ, ಒಳಗೆ ದನದ ಕರುಳಿನ ಪೊರೆಯಿಂದ ಮಾಡಿದ ಚೀಲಗಳಲ್ಲಿ ಹೈಡ್ರೋಜನ್. ಒಂದು ಕಿಡಿ ಸಾಕು. ಫ್ರೆಂಚ್ ನೌಕಾಧಿಕಾರಿ ಲ ಪ್ರಿಯೂರ್ 1916ರಲ್ಲಿ ವಿಮಾನದ ರೆಕ್ಕೆಗಳ ನಡುವಿನ ಕಂಬಗಳಿಗೆ ರಾಕೆಟ್ ಕಟ್ಟಿದ: ರಟ್ಟಿನ ಕೊಳವೆ, ಕರಿಮದ್ದು, ಮರದ ಗಳ, ತುದಿಗೆ ಚೂರಿ. ನಮ್ಮವರ ಕತ್ತಿ ನೆನಪಾಗುತ್ತದೆ, ಅಲ್ಲಿಂದಲೇ ಹೋಯಿತು ಎಂದು ನಾವು ಹೇಳುತ್ತಿಲ್ಲ. ಕಾವಲು ಬಲೂನುಗಳೇನೋ ಉರಿದವು. ಆದರೆ ನೂರು ಮೀಟರಿನಷ್ಟು ಹತ್ತಿರ ಹೋಗದೆ ತಾಕುತ್ತಿರಲಿಲ್ಲ. ಎತ್ತರದಲ್ಲಿ, ಕತ್ತಲಲ್ಲಿ ಬರುವ ಜೆಪ್ಪೆಲಿನ್‌ಗೆ ಅದು ಸಾಲಲಿಲ್ಲ. ಅವನ್ನು ಸುಟ್ಟದ್ದು ಬೆಂಕಿ ಗುಂಡುಗಳು. ಜರ್ಮನ್ ನೌಕಾ ವಾಯುನೌಕಾ ದಳದ ಮುಖ್ಯಸ್ಥ ಪೀಟರ್ ಸ್ಟ್ರಾಸರ್ 1918ರ ಆಗಸ್ಟ್ 5ರಂದು ಎಲ್ 70 ಜೊತೆಗೇ ಉರಿದು ಸತ್ತ.

ಟಿಪ್ಪು ಹೆಸರು ಬಂದರೆ ನಮ್ಮಲ್ಲಿ ಜಗಳ ಮೊದಲು, ಮಾತು ಆಮೇಲೆ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಹಾಳುಬಾವಿಯಲ್ಲಿ ಸಾವಿರ ಇಂಥ ಬಾಣಗಳು ಸಿಕ್ಕವು. ಕಾಂಗ್ರೀವ್ ಹೆಸರು ನಾವು ಓದಿದ ಎಲ್ಲ ಪುಸ್ತಕಗಳಲ್ಲೂ ಇದೆ. ಆ ಕೊಳವೆ ಬಡಿದ ಕಮ್ಮಾರರ ಹೆಸರು ಒಂದರಲ್ಲೂ ಇಲ್ಲ.