ಅಳುವುದಕ್ಕೂ ಒಂದು ಕಾನೂನು

ಅಜ್ಜ ತೀರಿಕೊಂಡ ದಿನ ಅಜ್ಜಿ ಎರಡೂ ಕೈ ತಲೆಯ ಮೇಲೆ ಹೊತ್ತು ಕೂತಿದ್ದಳು. ಚಿಕ್ಕಜ್ಜ ಬಂದು, "ಅತ್ತಿಗೆ, ಗಟ್ಟಿಯಾಗಿ ಅಳಬಾರದು, ಹೋದವರಿಗೆ ದಾರಿ ಸಿಗುವುದಿಲ್ಲ" ಎಂದರು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಹಳ ವರ್ಷಗಳ ಮೇಲೆ ಒಂದು ಪುಸ್ತಕದಲ್ಲಿ ಅಥೆನ್ಸಿನ ಮಣ್ಣಿನ ಹೂಜಿಯೊಂದರ ಚಿತ್ರ ನೋಡಿದಾಗ ನನಗೆ ಆ ಕೈಗಳೇ ನೆನಪಾದವು.

ಹೂಜಿ ಎಂದರೆ ನೀರಿನ ಹೂಜಿಯಲ್ಲ. ಒಂದೂವರೆ ಮೀಟರಿಗೂ ಹೆಚ್ಚು ಎತ್ತರದ್ದು. ಕ್ರಿ.ಪೂ. ೭೫೦ರ ಸುಮಾರಿಗೆ ಮಾಡಿ, ಒಬ್ಬ ಹೆಂಗಸಿನ ಗೋರಿಯ ಮೇಲೆ ಗುರುತಿಗೆಂದು ನಿಲ್ಲಿಸಿದ್ದು. ಮೈತುಂಬ ರಂಗೋಲಿಯಂಥ ಗೆರೆಗಳು. ನಡುವೆ ಮಂಚದ ಮೇಲೆ ಮಲಗಿಸಿದ ಹೆಣ, ಅದರ ಎರಡೂ ಕಡೆ ಸಾಲಾಗಿ ನಿಂತ ಜನ, ಅವರ ಕೈಗಳು ತಲೆಯ ಮೇಲೆ.

ಹಳೆಯ ಗ್ರೀಸಿನಲ್ಲಿ ಸಾವಿನ ಮನೆಯ ಕೆಲಸವೆಲ್ಲ ಹೆಂಗಸರದು. ಹೆಣಕ್ಕೆ ಸ್ನಾನ ಮಾಡಿಸುವುದು, ಎಣ್ಣೆ ಹಚ್ಚುವುದು, ಬಟ್ಟೆ ಉಡಿಸುವುದು ಅವರೇ. ಬಾಗಿಲಾಚೆ ಬೇರೆ ಮನೆಯಿಂದ ತಂದ ನೀರಿನ ಪಾತ್ರೆ ಇರುತ್ತಿತ್ತು. ಹೊರಗೆ ಹೋಗುವವರು ಆ ನೀರಿನಿಂದ ಶುದ್ಧಿ ಮಾಡಿಕೊಳ್ಳಬೇಕು. ಸೂತಕವೆಂಬುದು ನಮ್ಮೊಬ್ಬರದೇ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ!

ಅಳುವುದೂ ಅವರ ಕೆಲಸವೇ, ಬರಿಯ ಅಳುವಲ್ಲ, ಹಾಡಿಕೊಂಡು ಅಳುವುದು. ಹೋಮರನ 'ಇಲಿಯಡ್' ಯುದ್ಧದ ಕಾವ್ಯವೆಂದು ಹೆಸರಾದರೂ ಅದು ಮುಗಿಯುವುದು ಹೆಕ್ಟರನ ಉತ್ತರಕ್ರಿಯೆಯಲ್ಲಿ. ಅಲ್ಲಿ ಮೂವರು ಹೆಂಗಸರು ಒಬ್ಬರಾದ ಮೇಲೊಬ್ಬರು ಅಳುತ್ತಾರೆ. ಹೆಂಡತಿ ಆಂಡ್ರೊಮಕೆ ತನ್ನ ಎಳೆಯ ಮಗುವಿನ ಗತಿಯೇನೆಂದು ಅಳುತ್ತಾಳೆ. ಆಮೇಲೆ ತಾಯಿ ಹೆಕುಬ. ಕೊನೆಯವಳು ಹೆಲೆನ್, ಯಾರಿಂದಾಗಿ ಯುದ್ಧವೇ ಆಯಿತೆಂದು ಎಲ್ಲರೂ ಶಪಿಸುತ್ತಿದ್ದರೋ ಅವಳು. ಇಷ್ಟು ವರ್ಷಗಳಲ್ಲಿ ಈ ಭಾವ ತನಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲವಲ್ಲ ಎಂದು ಅವಳು ಅಳುತ್ತಾಳೆ. ಗಂಡನ ಮನೆಯಲ್ಲಿ ಬಾಳಿದವರಿಗೆ ಆ ಅಳು ಅರ್ಥವಾಗುತ್ತದೆ.

ಇಂಥ ಅಳುವಿಗೆ ಅಥೆನ್ಸಿನಲ್ಲಿ ಕಾನೂನು ಬಂತು. ಕ್ರಿ.ಪೂ. ೫೯೪ರ ಸುಮಾರಿಗೆ ಅಧಿಕಾರಕ್ಕೆ ಬಂದ ಸೋಲನ್ ಮಾಡಿದ್ದೆಂದು ಹೇಳುತ್ತಾರೆ. ಕೆನ್ನೆ ಪರಚಿಕೊಳ್ಳುವಂತಿಲ್ಲ, ಕಟ್ಟಿದ ಶೋಕಗೀತೆ ಹಾಡುವಂತಿಲ್ಲ, ಒಬ್ಬರ ಸಾವಿನಲ್ಲಿ ಇನ್ನೊಬ್ಬರನ್ನು ನೆನೆದು ಅಳುವಂತಿಲ್ಲ. ಸೂರ್ಯ ಹುಟ್ಟುವ ಮೊದಲೇ ಹೆಣ ಸಾಗಿಸಬೇಕು. ಗಂಡಸರು ಮುಂದೆ, ಹೆಂಗಸರು ಹಿಂದೆ. ಹತ್ತಿರದ ನೆಂಟರಲ್ಲದೆ ಅರವತ್ತು ತುಂಬದ ಹೆಂಗಸರು ಹೋಗಲೇಕೂಡದು. ಕಿಯಾಸ್ ದ್ವೀಪದ ಒಂದು ಶಾಸನವಂತೂ ಹೆಣವನ್ನು ಸದ್ದಿಲ್ಲದೆ ಒಯ್ಯಬೇಕೆಂದು ವಿಧಿಸಿತ್ತು.

ಶ್ರೀಮಂತ ಮನೆತನಗಳ ಆಡಂಬರ ತಗ್ಗಿಸಲು ಹೀಗೆ ಮಾಡಿದರೆಂದು ವಿದ್ವಾಂಸರು ಹೇಳುತ್ತಾರೆ. ಕೊಲೆಯಾದವನ ಮನೆಯಲ್ಲಿ ಹೆಂಗಸರ ಹಾಡು ಸೇಡನ್ನು ಕೆರಳಿಸುತ್ತಿತ್ತೆಂದೂ ಹೇಳುವುದುಂಟು. ಇರಬಹುದು. ಆದರೆ ಮೂರನೆಯ ನಿಯಮ ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಪಕ್ಕದ ಮನೆಯ ಸಾವಿನಲ್ಲಿ ಕೂತು, ಹಿಂದೆಂದೋ ಕಳೆದುಕೊಂಡ ತಮ್ಮ ಮಗುವಿಗಾಗಿ ಅಳದ ಹೆಂಗಸರು ಯಾವ ಊರಿನಲ್ಲಿದ್ದಾರೆ? ಮನೆಗೆಲಸದ ನಡುವೆ ಅವರಿಗೆ ಬೇರೆ ಹೊತ್ತಾದರೂ ಎಲ್ಲಿ?

ಗೋರಿಗೆ ಹೋಗಿ ಬರುವುದು ಮಾತ್ರ ನಿಲ್ಲಲಿಲ್ಲ. ಕ್ರಿ.ಪೂ. ಐದನೆಯ ಶತಮಾನದಲ್ಲಿ ಅಥೆನ್ಸಿನವರು ಸತ್ತವರಿಗೆಂದು ಬಿಳಿ ಬಣ್ಣದ ಎಣ್ಣೆಕುಡಿಕೆಗಳನ್ನು ಗೋರಿಯ ಬಳಿ ಇಡುತ್ತಿದ್ದರು. ಕೆಲವು ಕುಡಿಕೆಗಳ ಕತ್ತಿನೊಳಗೆ ಇನ್ನೊಂದು ಪುಟ್ಟ ಬಟ್ಟಲು ಅಡಗಿದೆ. ಸ್ವಲ್ಪ ಎಣ್ಣೆ ಹೊಯ್ದರೂ ಕುಡಿಕೆ ತುಂಬಿದಂತೆ ಕಾಣುತ್ತದೆ. ಓದಿ ನಕ್ಕುಬಿಟ್ಟೆ. ನಮ್ಮಜ್ಜಿಯಾದರೆ ಈ ಉಪಾಯವನ್ನು ಮೆಚ್ಚುತ್ತಿದ್ದಳು. ಆ ಕುಡಿಕೆಗಳ ಮೇಲೆ ತೆಳುಗೆರೆಯ ಚಿತ್ರಗಳಿವೆ: ಗೋರಿಗೆ ಪಟ್ಟಿ ಕಟ್ಟುವ, ಬುಟ್ಟಿ ಹಿಡಿದು ನಿಂತ ಹೆಂಗಸರು. ಕಾನೂನು ಬಂದು ನೂರು ವರ್ಷದ ಮೇಲಾಗಿತ್ತು. ಆದರೂ ಕೆಲವು ಚಿತ್ರಗಳಲ್ಲಿ ಅವರ ಕೈ ಇನ್ನೂ ತಲೆಯ ಮೇಲೇ ಇದೆ.